ಹುರಳಿ ಕಾಳು ತಿಂದವರು ಯಾರು

ಜುಲೈ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಹಾಜರಿದ್ದವರು ಮೂವರು: ನಾನು, ನನ್ನ ಗಂಡ, ನಮ್ಮ ಮಗ. ಗಂಡ ಮಂಚದ ಮೇಲೆ ಎಡಗಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದರು. ಮಗ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ನಾನು ಒಲೆಯ ಮುಂದೆ ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಒಳಗೆ ಬೇಯುತ್ತಿದ್ದದ್ದು ಹುರಳಿ.

ಹೀಗೆ ದಿನ, ಹೊತ್ತು, ಹಾಜರಾತಿ ಬರೆದಿಡುವುದು ನನಗೆ ಬೋರ್ಡಿಂಗಿನಿಂದ ಬಂದ ರೂಢಿ. ಮಡಗಾಂವಿನಲ್ಲಿ ಚರ್ಚಿನ ಸಿಸ್ಟರುಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಬೋರ್ಡಿಂಗಿನ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದೆ. ಅಲ್ಲಿ ಎಲ್ಲಕ್ಕೂ ಗಂಟೆ ಬಾರಿಸುತ್ತಿದ್ದರು, ಅಕ್ಕಿ ತೊಳೆಯುವುದಕ್ಕೂ. ದೊಡ್ಡ ಸಿಸ್ಟರ್ ಹೇಳಿಕೊಟ್ಟದ್ದರಲ್ಲಿ ಎರಡು ಮಾತು ಇಂದಿಗೂ ನನ್ನ ಕೈ ಬಿಟ್ಟಿಲ್ಲ. ಅಳೆಯದೆ ಏನನ್ನೂ ಒಲೆಗೆ ಏರಿಸಬಾರದು. ಮತ್ತೆ, ಮಾಡಿದ ಪ್ರತಿ ಅಡುಗೆಯಿಂದ ಒಂದು ಬಟ್ಟಲು ತೆಗೆದು ಗಾಜಿನ ಕಪಾಟಿನಲ್ಲಿ ಮರುದಿನದವರೆಗೆ ಇಡಬೇಕು. ಯಾವ ಹುಡುಗಿಗಾದರೂ ಹೊಟ್ಟೆ ಕೆಟ್ಟರೆ ಆ ಬಟ್ಟಲೇ ಸಾಕ್ಷಿ. ಕೆಲಸ ಬಿಟ್ಟು ಏಳು ವರ್ಷವಾದರೂ, ಮೋತಿ ಡೊಂಗರಿನ ಗುಡ್ಡದ ಮೇಲಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಳತೆ ತಪ್ಪಿದ್ದಿಲ್ಲ.

ಆ ಮಂಗಳವಾರದ ಹೊತ್ತಿಗೆ ನನ್ನ ಅಳತೆ ಎಲ್ಲಿಯೋ ಸೋರುತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಯಾರೋ ಕದಿಯುತ್ತಿದ್ದರು. ಯಾರು ಎಂಬುದನ್ನು ಆ ದಿನ ಹಿಡಿಯಲೇಬೇಕು ಎಂದುಕೊಂಡು ಎದ್ದಿದ್ದೆ.

ಸಂಗತಿ ಇಷ್ಟು. ಗಂಡ ಗೌಂಡಿ ಕೆಲಸದವರು. ಮಳೆ ಹಿಡಿಯುವ ಮೊದಲು ಒಂದು ಕಟ್ಟಡದ ಮೆಟ್ಟಿಲಲ್ಲಿ ತುಕ್ಕು ಹಿಡಿದ ಸರಳೊಂದು ಅವರ ಎಡಗಾಲಿಗೆ ಹೆಬ್ಬೆರಳ ಪಕ್ಕದಲ್ಲಿ ಹೊಕ್ಕಿತ್ತು. ಐದು ವಾರವಾಗಿತ್ತು. ಕೀವು ನಿಂತಿತ್ತು. ರಕ್ತ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಇಲ್ಲ ಎಂದಿದ್ದರು. ಆದರೂ ಗಾಯ ತುಂಬುತ್ತಿರಲಿಲ್ಲ. ಬಾವಿಯ ಹಾಗೆ ಗುಳಿ ಬಿದ್ದು, ಅಂಚು ಬಿಳಚಿಕೊಂಡು, ಇದ್ದಂತೆಯೇ ಇತ್ತು. ಸರಕಾರಿ ದವಾಖಾನೆಯ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಅಲ್ಲಿನ ನರ್ಸ್ ನಮ್ಮ ಮಾತಿಗೆ ತಿರುಗಿಸಿದಳು. ಅವಳ ತವರು ಖಾನಾಪುರದ ಕಡೆ.

“ಗ್ವಾಡಿ ಕಟ್ಟಾಕ ಇಟ್ಟಂಗಿ ಬೇಕಲ್ರಿ ಮೇಸ್ತ್ರಿ, ಹಂಗ ಗಾಯ ತುಂಬಾಕ ಪ್ರೋಟೀನ್ ಬೇಕು. ನಿಮ್ಮ ಮೈಯಾಗ ಸಾಮಾನನ ಇಲ್ಲ. ಕಾಳು, ಬೇಳಿ, ತತ್ತಿ, ಮೀನಾ ತಿನ್ರಿ. ಬರೇ ಅನ್ನಾ ಉಂಡ್ರ ಆಗೂದಿಲ್ಲ.”

ಮುಂದಿನ ವಾರದ ಶುಕ್ರವಾರದವರೆಗೆ ಗಡುವು. ಅಷ್ಟರಲ್ಲಿ ಕೆಂಪು ಮಾಂಸ ಏಳುವುದು ಕಾಣದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ, ಬೆರಳು ಉಳಿಯುವುದು ಕಷ್ಟ ಎಂದರು. ಹೆಬ್ಬೆರಳಿಲ್ಲದ ಗೌಂಡಿ ಬೊಂಬಿನ ಮೇಲೆ ನಿಂತು ಗೋಡೆ ಕಟ್ಟಲಾರ. ಅದು ಗಂಡನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಮನೆಗೆ ಬರುತ್ತಿದ್ದದ್ದು ಮಗನ ಸಂಬಳ ಒಂದೇ. ಅವನು ಕುಂಡಯಿಯ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟಿಕ್ ಡಬ್ಬಿ ಒತ್ತುವ ಯಂತ್ರದ ಮುಂದೆ ನಿಲ್ಲುತ್ತಾನೆ. ಜುಲೈಯಲ್ಲಿ ದೋಣಿಗಳು ಸಮುದ್ರಕ್ಕೆ ಇಳಿಯುವುದಿಲ್ಲ; ಆಗ ಮಾರುಕಟ್ಟೆಯಲ್ಲಿ ಬಂಗಡೆಯ ಮುಂದೆ ನಿಂತು ದರ ಕೇಳುವುದೂ ಹೊತ್ತಿನ ದಂಡ. ಹಾಗಾಗಿ ನಾನು ತೀರ್ಮಾನ ಮಾಡಿದೆ: ದಿನಕ್ಕೊಂದು ತತ್ತಿ, ಗಂಡನಿಗೆ ಮಾತ್ರ. ದಿನಕ್ಕೆ ಎರಡು ಬಟ್ಟಲು ಹುರಳಿ, ಮೊಳಕೆ ಕಟ್ಟಿಸಿ ಬೇಯಿಸಿದ್ದು. ರೊಟ್ಟಿಗೆ ಶೇಂಗಾ ಚಟ್ನಿ. ಹುರಳಿಯಷ್ಟು ಅಗ್ಗದ, ಅಷ್ಟು ಕಸುವಿನ ಕಾಳು ಇನ್ನೊಂದಿಲ್ಲ. ನಮ್ಮ ಊರ ಕಡೆ ಬಾಣಂತಿಯನ್ನು ಎಬ್ಬಿಸಿ ಕೂರಿಸುವುದೇ ಹುರಳಿ ಕಟ್ಟು. ಕಾಳು ಬೇಯಿಸಿ ಬಸಿದ ನೀರಿಗೆ ಕಟ್ಟು ಎನ್ನುತ್ತೇವೆ. ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿ ಕುದಿಸಿದರೆ ಓಣಿಯ ತುದಿಯವರೆಗೂ ಘಮ. ಗಂಡನಿಗೆ ಹೊತ್ತಿಗೊಂದು ದೊಡ್ಡ ಲೋಟ, ದಿನಕ್ಕೆ ಮೂರು ಲೋಟ ಕಟ್ಟು ಕುಡಿಸುತ್ತಿದ್ದೆ. ಉಳಿದ ಕಾಳಿಗೆ ಉಳ್ಳಾಗಡ್ಡಿ ಒಗ್ಗರಣೆ ಕೊಟ್ಟು ಪಲ್ಲೆ ಮಾಡಿ ಮಗನ ಡಬ್ಬಿಗೆ ತುಂಬುತ್ತಿದ್ದೆ.

ಹತ್ತೊಂಬತ್ತು ದಿನ ಹೀಗೆ ನಡೆಯಿತು. ಎಲ್ಲವೂ ನನ್ನ ಲೆಕ್ಕದ ವಹಿಯಲ್ಲಿದೆ. ಗಾಯ ಮಾತ್ರ ಹಾಗೆಯೇ ಇತ್ತು.

ಮೊದಲು ನನ್ನ ಅನುಮಾನ ಹೋದದ್ದು ಅಂಗಡಿಯವನ ಮೇಲೆ. ಎರಡು ವರ್ಷ ಹಳೆಯ ಕಾಳು ಕೊಟ್ಟಿರಬೇಕು, ಒಳಗೆ ಹುಳ ತಿಂದು ಟೊಳ್ಳಾಗಿರಬೇಕು ಎಂದುಕೊಂಡೆ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟೆ. ತೊಂಬತ್ತಮೂರು ಮೊಳೆತವು. ಅಂಗಡಿಯವನನ್ನು ಬಿಟ್ಟೆ.

ಆಮೇಲೆ ಪಕ್ಕದ ಮನೆಯವಳು. ಅವಳು ಗದಗಿನ ಕಡೆಯವಳು, ಬೀಚಿನಲ್ಲಿ ಮಣಿಸರ ಮಾರುತ್ತಾಳೆ. ಮಳೆಗಾಲದಲ್ಲಿ ಬೀಚು ಖಾಲಿ, ಅವಳಿಗೆ ಪುರುಸೊತ್ತು. ಆ ವರ್ಷ ಯಾವನೋ ಏಜೆಂಟನ ಮಾತು ಕೇಳಿ ಶಕ್ತಿಪುಡಿಯ ಡಬ್ಬಿ ಹಿಡಿದು ಮನೆಮನೆ ತಿರುಗುತ್ತಿದ್ದಳು. ದಿನಾ ಎಂಟು ಗಂಟೆಗೆ ನಮ್ಮ ಒಲೆಯ ಬಳಿ ಬಂದು ನಿಲ್ಲುವಳು. ನನ್ನ ಗಂಡನ ಗಾಯ ವಾಸಿಯಾದರೆ ಅವಳ ಡಬ್ಬಿ ಹೋಗುವುದಿಲ್ಲ, ವಾಸಿಯಾಗದಿದ್ದರೆ ಹೋದೀತು. ಹಾಗಾಗಿ ಕಟ್ಟಿನ ಪಾತ್ರೆಗೆ ಒಳಗಡೆ ಇದ್ದಿಲಿನಿಂದ ಗೆರೆ ಎಳೆದು ಇಡುತ್ತಿದ್ದೆ. ಗೆರೆ ಯಾವತ್ತೂ ಇಳಿದಿರಲಿಲ್ಲ. ಆದರೂ ಅವಳನ್ನು ಪೂರ್ತಿ ಬಿಟ್ಟಿರಲಿಲ್ಲ.

ಮೂರನೆಯದು ಗಂಡನ ಮೇಲೆ. ಅದಕ್ಕೆ ಕಾರಣ ಉಪ್ಪು. ನಮ್ಮವರು ಉಪ್ಪು, ಖಾರದಪುಡಿ ಇಲ್ಲದೆ ತತ್ತಿ ಮುಟ್ಟುವವರಲ್ಲ. ಹಿಂದಿನ ವಾರದಿಂದ ಉಪ್ಪು ಕೇಳಿರಲಿಲ್ಲ. ಸಿಪ್ಪೆ ಮಾತ್ರ ದಿನಾ ಮಂಚದ ಕೆಳಗೆ ಕಾಗದದಲ್ಲಿ ಇರುತ್ತಿತ್ತು.

ಆ ಬೆಳಿಗ್ಗೆ ಐದೂಕಾಲಿಗೆ ನಲ್ಲಿಗೆ ನೀರು ಬಂತು. ಬೇಯಿಸಿದ ತತ್ತಿಯನ್ನು ಗಂಡನ ಕೈಗೆ ಕೊಟ್ಟು, ಕೊಡ ಎತ್ತಿಕೊಂಡು ಹೊರಗೆ ಹೋದೆ. ನಾಲ್ಕು ಮೆಟ್ಟಿಲು ಇಳಿದು, ಒಂದೆರಡು ನಿಮಿಷ ಕಾದು, ಕೊಡವನ್ನು ಅಲ್ಲಿಯೇ ಮಳೆಯಲ್ಲಿ ಬಿಟ್ಟು ವಾಪಸ್ಸು ಬಂದೆ. ಗಂಡ ಬಾಯಿ ಒರೆಸಿಕೊಳ್ಳುತ್ತಿದ್ದರು.

“ತಿಂದ್ರೇನು?”

“ಆಗಳೇ ತಿಂದೆ.”

ನಾನು ಮಂಚದ ಪಕ್ಕದಲ್ಲಿದ್ದ ಮಗನ ಡಬ್ಬಿ ತೆರೆದೆ. ಮೂರನೆಯ ರೊಟ್ಟಿಯ ಕೆಳಗೆ ಸುಲಿದ ತತ್ತಿ ಬೆಚ್ಚಗೆ ಮಲಗಿತ್ತು.

ಮಗ ಕುಂಚ ಬಾಯಲ್ಲಿಟ್ಟುಕೊಂಡೇ ಹತ್ತಿರ ಬಂದು ನೋಡಿದ. “ದಿನಾ ಬರಾಕತ್ತಿತ್ತವ್ವಾ. ನೀನ ಇಟ್ಟೀ ಅಂದ್ಕೊಂಡಿದ್ದೆ.”

“ನಾ ಯಾಕ ಇಡಲಿ? ನಿನ್ನ ಕಾಲು ಕೊಳ್ಯಾಕತ್ತೈತೇನು?”

ಗಂಡ ಗೋಡೆ ನೋಡಿದರು. “ಮಂಚದ ಮ್ಯಾಲ ಕುಂತವಗ ತತ್ತಿ ಯಾಕ? ಅಂವ ಎಂಟ ತಾಸ ಯಂತ್ರದ ಮುಂದ ನಿಂದ್ರತಾನ. ದುಡಿಯೋ ಮೈಗೆ ಹಾಕಬೇಕ ಬ್ಯಾಡ?”

“ಲೆಕ್ಕಾ ನಂದು. ನಿಮ್ಮದು ತಿನ್ನೂ ಕೆಲಸ ಅಷ್ಟ.”

“ಆತು ಸಿಸ್ಟರ್,” ಎಂದರು. ಸಿಟ್ಟು ಬಂದಾಗಲೂ ಸೋತಾಗಲೂ ನನ್ನನ್ನು ಹಾಗೆಯೇ ಕರೆಯುತ್ತಾರೆ.

ತತ್ತಿಯನ್ನು ಉಪ್ಪು, ಖಾರದಪುಡಿ ಸಮೇತ ಅವರ ಮುಂದಿಟ್ಟೆ. ಎದುರು ಕೂತೆ. ತಿಂದ ಮೇಲೆ “ಬಾಯಿ ತೆಗೀರಿ” ಎಂದೆ. ತೆಗೆದರು. ನಾಲಗೆ ಎತ್ತಿಸಿಯೂ ನೋಡಿದೆ. ಮಗ ನಗು ತಡೆಯಲಾಗದೆ ಬಾಯಿ ಮುಕ್ಕಳಿಸಲು ಹೊರಗೆ ಓಡಿದ. ಅವನು ಕೆಲಸಕ್ಕೆ ಹೊರಟ ಮೇಲೆ, ಮಳೆಗೆ ತಳದಲ್ಲಿ ಒಂದಿಷ್ಟು ನೀರು ನಿಂತಿದ್ದ ಕೊಡವನ್ನು ನಲ್ಲಿಗೆ ಹಿಡಿದು ಪೂರ್ತಿ ತುಂಬಿಸಿ ತಂದೆ. ಕಳ್ಳ ಸಿಕ್ಕಿದ್ದ. ಮನಸ್ಸು ಹಗುರಾಗಬೇಕಿತ್ತು. ಆದರೆ ತತ್ತಿ ತಪ್ಪಿದ್ದು ಒಂದು ವಾರದಿಂದ. ಗಾಯ ಹಟ ಹಿಡಿದದ್ದು ಅದಕ್ಕೂ ಮೊದಲಿನಿಂದ. ಲೆಕ್ಕ ಕೂಡಿಬರಲಿಲ್ಲ. ಇನ್ನೂ ಒಬ್ಬರು ಇದ್ದಾರೆ ಎಂದಿತು ಮನಸ್ಸು.

ಎಂಟು ಗಂಟೆಗೆ ಸರಿಯಾಗಿ ಪಕ್ಕದ ಮನೆಯವಳು ಬಂದಳು, ಬಗಲಲ್ಲಿ ಡಬ್ಬಿ.

“ಅಕ್ಕಾ, ಇವತ್ತ ದವಾಖಾನಿಗೆ ಹೊಂಟೀರಂತ? ಇದನ್ನೊಂದ ತಗೊಂಡ ನೋಡ್ರಿ. ಹಾಲಿನ್ಯಾಗ ಎರಡ ಚಮಚಾ ಹಾಕಿದ್ರ ಆತು, ಹದಿನೈದ ದಿನದಾಗ ಕಾಕಾ ಓಡ್ಯಾಡತಾರ.”

ಡಬ್ಬಿ ಇಸಿದುಕೊಂಡು ಬೆಳಕಿಗೆ ಹಿಡಿದೆ. ಬೋರ್ಡಿಂಗಿನಲ್ಲಿ ಸಾಮಾನು ಇಳಿಸಿಕೊಳ್ಳುವಾಗ ಇಂಗ್ಲಿಷ್ ಚೀಟಿ ಓದುವುದನ್ನು ಅಷ್ಟಿಷ್ಟು ಕಲಿತಿದ್ದೆ. ಒಳಗೆ ಏನೇನು ಹಾಕಿದೆ ಎಂಬ ಪಟ್ಟಿಯಲ್ಲಿ ಮೊದಲನೆಯ ಹೆಸರೇ ಸಕ್ಕರೆ. ಒಂದು ಡಬ್ಬಿಯ ದರಕ್ಕೆ ನಮಗೆ ತಿಂಗಳಿಗಾಗುವಷ್ಟು ಹುರಳಿ ಬರುತ್ತಿತ್ತು.

“ಸಕ್ಕರಿ ನಮ್ಮ ಮನ್ಯಾಗೂ ಐತಿ,” ಎಂದು ವಾಪಸ್ಸು ಕೊಟ್ಟೆ. ಅವಳ ಕಣ್ಣು ಕಟ್ಟಿನ ಪಾತ್ರೆಯ ಮೇಲಿತ್ತು. ನಾನು ಮುಚ್ಚಳ ಸರಿಸಿ ಗೆರೆ ನೋಡಿದೆ.

“ಏನ್ ಅಕ್ಕಾ, ನನ್ನ ಮ್ಯಾಲ ಅನುಮಾನನೋ ಏನು?” ಅವಳು ನಕ್ಕಳು. “ಹೌದ್ರಿ, ನಾನ ಕದಿಯಾಕತ್ತೇನಿ. ಹುರಳಿ ಕಾಳ ಪೋಣಿಸಿ ಸರಾ ಮಾಡಿ ಫಾರಿನ್‌ದವರಿಗೆ ಮಾರತೇನಿ.”

ಮಂಚದ ಮೇಲಿನಿಂದ ಗಂಡನೂ ನಕ್ಕರು. ನಾನು ನಗಲಿಲ್ಲ. ಕದ್ದವರು ನಗಿಸಿಯೇ ಪಾರಾಗುವುದನ್ನು ಬೋರ್ಡಿಂಗಿನ ಉಗ್ರಾಣದಲ್ಲಿ ಬಹಳ ನೋಡಿದ್ದೇನೆ.

ಅವಳು ಹೋದ ಮೇಲೆ ವಹಿಯನ್ನು ಚೀಲಕ್ಕೆ ಹಾಕಿದೆ. ಹಿಂದಿನ ಸಲ ನರ್ಸ್, “ಏನೇನ ಕೊಡತೀರಿ ಬರಕೊಂಡ ಬರ್ರಿ” ಎಂದಿದ್ದಳು. ಬರೆದದ್ದನ್ನು ಅವಳು ನಂಬುತ್ತಾಳೆ ಎಂದು ಏನು ಖಾತ್ರಿ? ಬಡವರು ಬರೆಯುವುದೊಂದು, ಬೇಯಿಸುವುದೊಂದು ಎಂದುಕೊಂಡರೆ? ಅದಕ್ಕೇ ಬೋರ್ಡಿಂಗಿನ ಪದ್ಧತಿಯಂತೆ ಸಾಕ್ಷಿ ತೆಗೆದಿಟ್ಟೆ. ಒಳಗಿನದು ಕಾಣುವಂಥ ನೀರಿನ ಬಾಟಲಿಯೊಂದನ್ನು ಬಿಸಿನೀರಲ್ಲಿ ತೊಳೆದು, ಅದರ ತುಂಬ ಆ ದಿನದ ಕಟ್ಟು ಸುರಿದು, ಬಿರಡೆ ಬಿಗಿದೆ. ಗಂಡನ ಬೆಳಗಿನ ಪಾಲನ್ನು ಇದರಿಂದ ಕಡಿಮೆ ಮಾಡಲಿಲ್ಲ. ನನ್ನದನ್ನು ಬಿಟ್ಟೆ.

ಒಂಬತ್ತೂವರೆಗೆ ಮೆಟ್ಟಿಲು ಇಳಿಯಲು ಶುರು ಮಾಡಿದೆವು. ಮೋತಿ ಡೊಂಗರಿನ ಮೆಟ್ಟಿಲು ಮಳೆಗಾಲದಲ್ಲಿ ಪಾಚಿ ಹಿಡಿಯುತ್ತವೆ. ಎರಡೂ ಕಾಲು ನೆಟ್ಟಗಿದ್ದವರೇ ಗೋಡೆ ಹಿಡಿದು ಇಳಿಯುತ್ತಾರೆ. ಗಂಡನ ಒಂದು ಕೈಯಲ್ಲಿ ಕೋಲು, ಇನ್ನೊಂದು ನನ್ನ ಹೆಗಲ ಮೇಲೆ. ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೆ. ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಕೆಳಗೆ ರಿಕ್ಷಾ ಸಿಕ್ಕಿತು.

“ಬೆರಳ ಹೋದ್ರ ಹೋಗಲಿ ಬಿಡು,” ಎಂದರು ರಿಕ್ಷಾದಲ್ಲಿ. ಮೊದಲ ಸಲ ಬಾಯಿಬಿಟ್ಟು ಆಡಿದ್ದು. “ಕುಂತ ಮಾಡೂ ಕೆಲಸ ಯಾವದರೆ ಸಿಗತೈತಿ.”

“ಯಾವ ಕೆಲಸ?”

ಚೀಲ ಕಟ್ಟಿದ ಕಾಲನ್ನು ನೋಡಿಕೊಂಡರು. “ಮಣಿಸರಾ ಪೋಣಸೂದು,” ಎಂದರು.

ನಾನು ಚೀಲದಲ್ಲಿ ಬಾಟಲಿ ನೆಟ್ಟಗಿದೆಯೋ ನೋಡಿದೆ.

ದವಾಖಾನೆಯಲ್ಲಿ ನಮ್ಮ ಚೀಟಿ ಮೂವತ್ತನಾಲ್ಕನೆಯದು. ಬಾಕಿನ ಮೇಲೆ ಕೂತು ಬಾಟಲಿಯನ್ನು ಪಕ್ಕದ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹತ್ತಕ್ಕೆ ಕೂತವರು ಹನ್ನೆರಡಕ್ಕೆ ಐದು ನಿಮಿಷ ಇರುವವರೆಗೂ ಅಲ್ಲಿಯೇ ಕೂತಿದ್ದೆವು. ಅಷ್ಟು ಹೊತ್ತು ನಾನು ಎದುರಿನ ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ ಹೋದವರ ಕೈಯಲ್ಲಿ ಹೊರಗೆ ಬರುವಾಗ ಯಾವುದಾದರೂ ಡಬ್ಬಿ ಇರುತ್ತದೆಯೋ ಎಂದು. ನರ್ಸಿಗೂ ಏಜೆಂಟನಿಗೂ ಒಳಗಿಂದೊಳಗೆ ನಂಟು ಇರಬಹುದು ಎಂಬ ಯೋಚನೆ ಆ ಬಾಕಿನ ಮೇಲೆ ಹುಟ್ಟಿತು. ಯಾರ ಕೈಯಲ್ಲೂ ಡಬ್ಬಿ ಕಾಣಲಿಲ್ಲ.

ನಮ್ಮನ್ನು ಕರೆದಾಗ ಬಾಟಲಿಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಮೇಜಿನ ತುದಿಯಲ್ಲಿಟ್ಟೆ. ನರ್ಸ್ ಪಟ್ಟಿ ಬಿಚ್ಚಿದಳು. ಗುಳಿ ಹಾಗೆಯೇ ಇತ್ತು. ಅವಳು ತೊಳೆದು, ಔಷಧ ಹಚ್ಚಿ, ಹೊಸ ಪಟ್ಟಿ ಸುತ್ತಿದಳು. ಆಮೇಲೆ ಕೈ ಒರೆಸಿಕೊಂಡು ನನ್ನ ವಹಿ ತೆಗೆದುಕೊಂಡಳು. ಕನ್ನಡ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವವಳು. ಹತ್ತೊಂಬತ್ತು ದಿನದ ಪುಟಗಳನ್ನು ಬೆರಳಿಟ್ಟು ಓದಿದಳು.

“ಹುರಳಿ ಎರಡ ಬಟ್ಟಲಾ, ದಿನಾ?”

“ದಿನಾ.”

“ಖರೇನ?”

“ಸುಳ್ಳ ಯಾಕ ಬರೀಲಿ?”

“ಹಂಗಲ್ರಿ ಅಜ್ಜಿ. ಇಷ್ಟ ತಿಂದಿದ್ರ ಈ ಹೊತ್ತಿಗೆ ಗಾಯ ತುಂಬಾಕ ಹತ್ತಬೇಕಿತ್ತು.”

ನಾನು ಎಣಿಸಿದ್ದ ಮಾತೇ ಬಂತು. ಬಾಟಲಿಗೆ ಕೈ ಹಾಕಿದೆ. “ವಹಿ ಮ್ಯಾಲ ನಂಬಿಗಿ ಇಲ್ಲಂದ್ರ ಇದನ್ನ ನೋಡ್ರಿ. ಇವತ್ತಿಂದನ,” ಎಂದು ಅಲುಗಾಡಿಸಿ ಕೊಡಲು ಹೋದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. “ಅಲ್ಲಾಡಸಬ್ಯಾಡ್ರಿ. ಹಂಗ ಇರಲಿ.”

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ತಾಸು ಅಲುಗದೆ ನಿಂತಿದ್ದ ಕಟ್ಟು ತಾನಾಗಿ ಬೇರೆಯಾಗಿತ್ತು. ತಳದಲ್ಲಿ ಒಂದು ಬೆರಳು ದಪ್ಪದ ಕಂದು ಗಷ್ಟು. ಅದರ ಮೇಲೆ ಬಿರಡೆಯವರೆಗೂ ತಿಳಿ ಚಹದ ಬಣ್ಣದ ನೀರು. ಅದರ ಆಚೆಗೆ ದವಾಖಾನೆಯ ಅಂಗಳದ ತೆಂಗಿನ ಮರ ಕಾಣುತ್ತಿತ್ತು.

“ಇದು ನೀರಲ್ರಿ. ಕಾಳ ಎಲ್ಲಿ?”

“ಕಾಳಿನ ಸತ್ವ ಕಟ್ಟಿನ್ಯಾಗ ಇಳದಿರತೈತಿ. ಕಾಳಿನ್ಯಾಗ ಏನ ಉಳೀತೈತಿ? ಬರೇ ಸಿಪ್ಪಿ.”

“ಹಂಗಂತ ಯಾರ ಹೇಳಿದ್ರು?”

“ನಮ್ಮವ್ವ.”

“ನಮ್ಮವ್ವನೂ ಹಂಗ ಹೇಳತಿದ್ಳು,” ಎಂದಳು ನರ್ಸ್. “ರುಚಿ ಇಳೀತೈತ್ರಿ, ವಾಸನಿ ಇಳೀತೈತಿ. ಅಷ್ಟೋ ಇಷ್ಟೋ ಕಸುವೂ ಇಳೀತೈತಿ, ಇಲ್ಲನ್ನೂದಿಲ್ಲ. ಆದ್ರ ಇಟ್ಟಂಗಿ ಎಲ್ಲಾ ಕಾಳಿನ್ಯಾಗ ಉಳೀತಾವು. ಆ ಕಾಳ ಯಾರ ತಿಂದ್ರು?”

ಬೆಳಿಗ್ಗೆಯಿಂದ ನಾನು ಎಲ್ಲರ ಮುಖ ನೋಡಿ ಕೇಳುತ್ತಿದ್ದ ಪ್ರಶ್ನೆ ಅದು. ಈಗ ನನಗೇ ಬಂದಿತ್ತು. ಉತ್ತರ ಗೊತ್ತಿತ್ತು. ಕಾಳು ದಿನಾ ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಮಗನ ಡಬ್ಬಿಯಲ್ಲಿ ಕುಂಡಯಿಗೆ ಹೋಗುತ್ತಿತ್ತು. ಕಳಿಸುತ್ತಿದ್ದವಳು ನಾನು.

ಮೊದಲು ಬಾಯಿಬಿಟ್ಟವರು ಗಂಡ. “ನಮ್ಮಪ್ಪ ಎತ್ತಿಗೆ ಹುರಳಿ ಕುದಿಸಿ ಹಾಕತಿದ್ದ,” ಎಂದರು ನಿಧಾನವಾಗಿ. “ಕಟ್ಟು ಬಸದು ಮನಿಗೆ ಕೊಡತಿದ್ದ, ಸಾರಿಗೆ. ಕಾಳ ಎತ್ತಿಗೆ. ನಾವ್ ಕಟ್ಟಿನ ಸಾರ ಉಂಡು, ಎಷ್ಟ ಕಸುವಿಂದು ಅಂತಿದ್ವಿ. ನೇಗಲಾ ಎಳದದ್ದು ಮಾತ್ರ ಎತ್ತು.”

ನರ್ಸ್ ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಬೋರ್ಡಿಂಗಿನ ಗಾಜಿನ ಕಪಾಟು ಬಂದಿತ್ತು. ಇಪ್ಪತ್ತೊಂಬತ್ತು ವರ್ಷ ದಿನಾ ಸಂಜೆ ಆ ಸಾಕ್ಷಿ ಬಟ್ಟಲುಗಳನ್ನು ನಾನೇ ಒಳಗಿಟ್ಟು, ಮರುದಿನ ನಾನೇ ತೆಗೆದು ತೊಳೆದಿದ್ದೇನೆ. ಪ್ರತಿಯೊಂದು ಬೇಳೆಯ ಬಟ್ಟಲಲ್ಲೂ ಮೇಲೆ ನೀರು, ಕೆಳಗೆ ಬೇಳೆ ಇರುತ್ತಿತ್ತು. ನೋಡಿದ್ದೆ. ಅದು ಏನು ಹೇಳುತ್ತಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಆದರೂ ಒಂದು ಸಂಶಯ ಉಳಿದಿತ್ತು. “ಹಂಗಾದ್ರ ಯಾವ ಡಬ್ಬಿ ತಗೊಳ್ಳಲಿ? ನಿಮಗ ಗೊತ್ತಿದ್ದದ್ದು ಯಾವದರೆ ಐತೇನು?” ಎಂದು ಕೇಳಿದೆ. ಹೆಸರು ಹೇಳಿದರೆ ಸಿಕ್ಕಿಬೀಳುತ್ತಾಳೆ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

“ಡಬ್ಬಿ? ಕಸಲೊ ಡಬ್ಬೊ?” ಅವಳು ಕೊಂಕಣಿಗೆ ಜಾರಿ ಮತ್ತೆ ನಮ್ಮ ಮಾತಿಗೆ ಬಂದಳು. “ಮನ್ಯಾಗ ಹುರಳಿ ಐತಲ್ರಿ. ಅದನ್ನ ಇವರ ತಾಟಿಗೆ ಹಾಕ್ರಿ. ಕಟ್ಟ ಚೆಲ್ಲಬ್ಯಾಡ್ರಿ, ಅದರಾಗ ರೊಟ್ಟಿ ಹಿಟ್ಟ ನಾದ್ರಿ. ತತ್ತಿ ಇರಲಿ. ಒಣ ಸುಂಗಟ ಸಿಕ್ರ ಒಂದ ಹಿಡಿ ಚಟ್ನಿಗೆ ಕುಟ್ರಿ. ಇನ್ನ ಹತ್ತ ದಿನ ಅದಾವು.” ಮುಂದಿನ ಚೀಟಿಯ ಹೆಸರು ಕೂಗಿದಳು.

ವಾಪಸ್ಸು ಬರುವಾಗ ರಿಕ್ಷಾವನ್ನು ಮಾರುಕಟ್ಟೆಯ ಬಳಿ ನಿಲ್ಲಿಸಿ ನೂರು ಗ್ರಾಂ ಒಣ ಸುಂಗಟ ಕೊಂಡೆ. ಒಣ ಸಿಗಡಿಯನ್ನು ಇಲ್ಲಿ ಹಾಗೆನ್ನುತ್ತಾರೆ. ಮಾರುವವಳು ಕೆಳಗಿನ ಪುಡಿ ತುಂಬಲು ನೋಡಿದಳು. ಮೇಲಿನದ್ದನ್ನೇ ಕೈಯಿಂದ ಆರಿಸಿ ಹಾಕಿಸಿಕೊಂಡೆ. ಗಂಡ ದಾರಿಯುದ್ದಕ್ಕೂ ಚೇಷ್ಟೆ ಮಾಡಲಿಲ್ಲ. ಮೆಟ್ಟಿಲು ಹತ್ತುವಾಗ ಒಂದು ಕಡೆ ನಿಂತು, “ಮಗನ ಡಬ್ಬಿಗೆ ನೀ ಬಸದ ಹಾಕಿದ್ದಿ, ನಾ ಕದ್ದ ಹಾಕಿದ್ದೆ. ಇಬ್ಬರೂ ಅದನ್ನ ಮಾಡೇವಿ,” ಎಂದರು ಅಷ್ಟೆ.

ಐದು ಗಂಟೆಗೆ ಪಕ್ಕದ ಮನೆಯವಳು ಇಣುಕಿದಳು. ದವಾಖಾನೆಯಲ್ಲಿ ಏನು ಹೇಳಿದರು ಎಂದು ಕೇಳಿದಳು. ಮುಚ್ಚಿಡಬೇಕೆನ್ನಿಸಿತು. ಆದರೆ ಬೆಳಿಗ್ಗೆ ಅವಳೆದುರೇ ಪಾತ್ರೆಯ ಗೆರೆ ನೋಡಿದ್ದೆನಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳ ನಗು ಹೋಯಿತು.

“ನಮ್ಮ ಸಣ್ಣಾಕಿಗೆ ನಾನೂ ಬ್ಯಾಳಿ ಕಟ್ಟನ ಕುಡಸತೇನಲ್ಲ ಅಕ್ಕಾ. ಹಲ್ಲ ಬಂದಾವು, ಆದ್ರೂ.”

“ಬ್ಯಾಳಿ ಹಿಚುಕಿ ಕೊಡು.”

“ಮತ್ತ ಈ ಡಬ್ಬಿ?”

“ಅದರಾಗ ಏನೈತಂತ ಬೆಳಿಗ್ಗೆ ಓದಿ ಹೇಳೀನಲ್ಲ.”

ಅವಳು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಅದನ್ನು ಏಜೆಂಟನಿಗೆ ಹಿಂದಿರುಗಿಸಿದಳೋ ಇನ್ನೊಂದು ಓಣಿಯಲ್ಲಿ ಮಾರಿದಳೋ ನನಗೆ ತಿಳಿಯದು. ಮಾರಿರಬೇಕು.

ಮಗ ಬಂದದ್ದು ಆರು ಐವತ್ತಕ್ಕೆ. ಅವನು ಕಾಲು ತೊಳೆದು ಬರುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದೆ. ಹೇಳುವಾಗ ಅವನ ಮುಖವನ್ನು ನೋಡಲು ಆಗಲಿಲ್ಲ. ಒಬ್ಬನ ತಟ್ಟೆಯಿಂದ ತೆಗೆಯದೆ ಇನ್ನೊಬ್ಬನ ತಟ್ಟೆಗೆ ಹಾಕಲು ನನ್ನ ಪಾತ್ರೆಯಲ್ಲಿ ಹೆಚ್ಚಿನದು ಇರಲಿಲ್ಲ.

“ಚಲೋ ಆತು ಬಿಡವ್ವಾ,” ಎಂದ. “ಅಷ್ಟ ಹುರಳಿ ತಿಂದು ಎಂಟ ತಾಸ ಒಂದ ಕಡೆ ನಿಂದ್ರೂದು ಎಂಥಾ ತ್ರಾಸ ಅಂತ ನಿನಗ ಗೊತ್ತೇನು? ಬಾಜೂದ ಯಂತ್ರದವ ದಿನಾ ದೂರ ಸರದ ನಿಂದ್ರತಾನ. ನನಗ ಕಾಳಿನ ಮೇಸ್ತ್ರಿ ಅಂತ ಹೆಸರಿಟ್ಟಾರ.”

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಐದು ವಾರದಲ್ಲಿ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮಗ ಖರೇ ಹೇಳಿದನೋ, ತಂದೆಯ ಪಾಲು ತಂದೆಗೆ ಹೋಗಲಿ ಎಂದು ಹೇಳಿದನೋ, ಇಂದಿಗೂ ನನಗೆ ಅನುಮಾನ. ತಂದೆ ರೊಟ್ಟಿಯ ಕೆಳಗೆ ತತ್ತಿ ಬಚ್ಚಿಡುವವರಾದರೆ ಮಗನೂ ಬಚ್ಚಿಡಬಲ್ಲ.

ಏಳೂವರೆಗೆ ಊಟಕ್ಕೆ ಹಾಕಿದೆ. ಮರುದಿನಕ್ಕೆಂದು ಮೊಳಕೆ ಕಟ್ಟಿದ್ದ ಹುರಳಿಯನ್ನು ಸಂಜೆಯೇ ಬೇಯಿಸಿ ಬಸಿದು, ಕಟ್ಟನ್ನು ಹಿಟ್ಟಿಗೆ ಹಾಕಿ ರೊಟ್ಟಿ ತಟ್ಟಿದ್ದೆ. ರೊಟ್ಟಿ ಸ್ವಲ್ಪ ಕಪ್ಪಾಗಿತ್ತು, ರುಚಿ ಕೆಟ್ಟಿರಲಿಲ್ಲ. ಕಾಳಿನ ಪಲ್ಲೆಯ ಪಾತ್ರೆ ಮುಂದಿಟ್ಟುಕೊಂಡು, ಬೋರ್ಡಿಂಗ್ ಬಿಡುವಾಗ ಸಿಸ್ಟರ್ ಕೊಟ್ಟ ಸೌಟನ್ನು ತೆಗೆದೆ. ಒಂದೇ ಅಳತೆಯ ಸೌಟು, ಅಂಚಿನವರೆಗೆ ತುಂಬಿದರೆ ಒಬ್ಬ ಹುಡುಗಿಯ ಪಾಲು. ಗಂಡನ ತಾಟಿಗೆ ಮೂರು ಸೌಟು. ಮಗನ ತಾಟಿಗೆ ಎರಡು. ಪಾತ್ರೆ ಮುಚ್ಚಲು ಹೋದೆ.

“ವಹಿ ತಾ ಇಲ್ಲೆ,” ಎಂದರು ಗಂಡ.

“ಉಣ್ಣೂ ಹೊತ್ತಿನ್ಯಾಗ ವಹಿ ಯಾಕ?”

“ದವಾಖಾನ್ಯಾಗ ಅಕಿ ಓದೂ ಮುಂದ ನಾನೂ ಬಗ್ಗಿ ನೋಡಿದೆ. ನಂದೊಂದ ಸಾಲೈತಿ, ಇವಂದೊಂದ ಸಾಲೈತಿ. ಸಿಸ್ಟರ್‌ದ ಸಾಲ ಎಲ್ಲಿ?”

“ನನಗ ಗಾಯ ಆಗಿಲ್ಲ.”

“ನನ್ನ ಹೊತ್ತ ಮೆಟ್ಟಲಾ ಇಳಸೂ ಹೆಗಲಿಗೆ ಇಟ್ಟಂಗಿ ಬ್ಯಾಡೇನು?”

ಮಗ ನನ್ನ ಕೈಯಿಂದ ಸೌಟು ತೆಗೆದುಕೊಂಡು, ಪಾತ್ರೆಯ ತಳ ಕೆರೆದು, ನನ್ನ ತಾಟಿಗೆ ಒಂದು ಸೌಟು ಹಾಕಿದ. ಅಂಚಿನವರೆಗೆ ತುಂಬಿರಲಿಲ್ಲ. ಅವನಿಗೆ ಅಳತೆ ಬರುವುದಿಲ್ಲ.

ಗೋಡೆಗೆ ಬೆನ್ನು ಕೊಟ್ಟು ಕೂತ ಗಂಡನ ಎದುರಿಗೇ ನಾನು ಕೂತೆ. ಅವರ ಕೈ ತಾಟಿನಿಂದ ಬಾಯಿಗೆ, ಬಾಯಿಂದ ತಾಟಿಗೆ ಹೋಗುವುದನ್ನು ನೋಡುತ್ತ ಉಂಡೆ. ಎರಡು ಸಲ ಅವರ ಕಣ್ಣು ಮಗನ ತಾಟಿನ ಕಡೆ ಹೋಯಿತು. ಎರಡು ಸಲವೂ ನಾನು ಕೆಮ್ಮಿದೆ. ಕೊನೆಯ ಕಾಳು ಹೋದ ಮೇಲೆ, ನಾನು ಕೇಳುವ ಮೊದಲೇ ಬಾಯಿ ತೆಗೆದು ನಾಲಗೆ ಎತ್ತಿದರು. ದೀಪದ ಕಡೆ ತಿರುಗಿಸಿ ನೋಡಿದೆ. ಖಾಲಿ ಇತ್ತು.

ತಾಟು ತೊಳೆದೆ. ವಹಿಯಲ್ಲಿ ಹೊಸ ಪುಟ ತೆಗೆದು ಗೆರೆ ಎಳೆದೆ. ಇಷ್ಟು ದಿನ “ಬೇಯಿಸಿದ್ದು” ಎಂದು ಬರೆಯುತ್ತಿದ್ದ ಕಡೆ “ತಾಟಿಗೆ ಹಾಕಿದ್ದು” ಎಂದು ಬರೆದೆ, ಮೂರು ಸಾಲು ಮಾಡಿದೆ. ಬಾಟಲಿಯಲ್ಲಿ ಉಳಿದಿದ್ದ ಕಟ್ಟು ಹುಳಿ ಬಂದಿತ್ತು; ಅದನ್ನು ಬಾಗಿಲ ಬಳಿಯ ಕರಿಬೇವಿನ ಕುಂಡಕ್ಕೆ ಸುರಿದು, ಬಾಟಲಿ ತೊಳೆದು ಬೋರಲು ಹಾಕಿದೆ. ಮರುದಿನ ಬೆಳಗಿನ ತತ್ತಿಯನ್ನು ಎತ್ತಿಟ್ಟು, ಅದರ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿದೆ. ಗಂಡ ಮಂಚದಿಂದ ನೋಡುತ್ತಿದ್ದರು, ನೋಡಲಿ ಎಂದೇ ಹಾಕಿದೆ.

ಕೊನೆಯ ಕೆಲಸ ಹುರಳಿ. ಎರಡು ಬಟ್ಟಲು ಅಳೆದು ಮೊರದಲ್ಲಿ ಹರಡಿ, ಕಲ್ಲು ಆರಿಸಿ, ಮೂರು ನೀರಲ್ಲಿ ತೊಳೆದೆ. ಪಾತ್ರೆಗೆ ಹಾಕಿ ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಬಿಟ್ಟೆ. ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಗುಂಡುಕಲ್ಲು ಇಟ್ಟೆ. ಆಗ ಎಂಟು ಗಂಟೆ ಇಪ್ಪತ್ತೈದು ನಿಮಿಷ.